ಎರಡನೇ ಅರೆಯ ಉಪ್ಪು

ಮಾರ್ಚ್ ಮೂವತ್ತೊಂದು, ಸ್ಟಾಕ್ ಲೆಕ್ಕದ ದಿನ.
ಮಂಡ್ಯದ ಕಾಲೇಜಿನ ಈ ಕತ್ತಲ ಸ್ಟೋರಿನಲ್ಲಿ
ಏಣಿ ಹಿಡಿಯುವವರಿಲ್ಲ, ನಾನೇ ಹತ್ತುತ್ತೇನೆ.
ಎರಡನೇ ಅರೆ, ಗೋಡೆ ಕಡೆ:
ಪೊಟ್ಯಾಸಿಯಂ ಪರ್‌ಕ್ಲೋರೇಟ್, ಅರ್ಧ ಬಾಟಲಿ.
ಲೇಬಲ್ಲಿನ ಮೇಲೆ ದಾಕ್ಷಾಯಿಣಿ ಮೇಡಂ ಅಕ್ಷರ:
'ಗಂಧಕದ ಪಕ್ಕ ಇಡಬೇಡ ಚಿಕ್ಕತಾಯಿ, ಇದ್ದಿಲ ಪಕ್ಕವೂ.'
ಇಪ್ಪತ್ತೆರಡು ವರ್ಷದ ಹಿಂದಿನ ಬೈಗುಳ,
ಇನ್ನೂ ಅಂಟಿಕೊಂಡಿದೆ.

ನೋಡಿದರೆ ಚಿರೋಟಿ ರವೆ.
ತಣ್ಣೀರಿಗೆ ಹಾಕಿದರೆ ಕರಗಲೊಲ್ಲದೆ
ತಳದಲ್ಲಿ ಕೂತು ಮುಖ ನೋಡುತ್ತದೆ.
ತಾನಾಗಿ ಉರಿಯುವುದೂ ಇಲ್ಲ.
ನಡುವೆ ಒಂದು ಕ್ಲೋರಿನ್, ಅದನ್ನು ಬಿಗಿಯಾಗಿ ಸುತ್ತಿ
ನಾಲ್ಕು ಆಕ್ಸಿಜನ್. ಒಳಗೆ ಯಾರಿಗೂ ದಾರಿಯಿಲ್ಲ,
ಅದಕ್ಕೇ ಇಷ್ಟು ತಾಳ್ಮೆ.
ಕಾವು ಏರಿದಾಗ ಮಾತ್ರ ಗಂಟು ಬಿಚ್ಚಿ
ಉಸಿರನ್ನೆಲ್ಲ ಪಕ್ಕದವರಿಗೆ ಕೊಟ್ಟುಬಿಡುತ್ತದೆ.
ಉರಿಯುವವರು ಅವರು.
ಇದು ಕೊನೆಗೆ ಬರೀ ಉಪ್ಪು.

'ಗಾಳಿಯೇ ಇಲ್ಲದ ಕಡೆ ರಾಕೆಟ್ ಹೋಗುತ್ತಲ್ಲ,
ಅಲ್ಲಿ ಬೆಂಕಿಗೆ ಉಸಿರು ಯಾರು ಕೊಡ್ತಾರೆ?'
ಕ್ಲಾಸಿಗೆ ಕ್ಲಾಸೇ ಸುಮ್ಮನಿತ್ತು.
ಬೀಕರ್ ತೊಳೆಯುತ್ತಿದ್ದ ನಾನು ಅಂದೆ:
ಬುತ್ತಿ ಕಟ್ಕೊಂಡು ಹೋಗ್ಬೇಕಲ್ವಾ ಮೇಡಂ.
ಹುಡುಗರು ನಕ್ಕರು. ಅವರು ನಗಲಿಲ್ಲ,
ಬೋರ್ಡಿನ ಮೇಲೆ 'ಬುತ್ತಿ' ಎಂದು ಬರೆದು
ಕೆಳಗೆ ಗೆರೆ ಎಳೆದರು.

ಆಮೇಲೊಂದು ವರ್ಷ ನನ್ನ ಕೊರಳು ಊದಿತು.
ಕೈ ನಡುಗಿ ಎರಡು ಪಿಪೆಟ್ ಒಡೆದೆ,
ಸಂಬಳದಲ್ಲಿ ಹಿಡಿದುಕೊಂಡರು.
ಮೈಸೂರಿನ ಡಾಕ್ಟರ ಚೀಟಿಯಲ್ಲಿ
ಅದೇ ಹೆಸರು!
'ಸ್ಟೋರಿನದು ಮುಟ್ಟೀಯೆ, ಅದು ಔಷಧವಲ್ಲ' ಎಂದು
ಗದರಲಿಕ್ಕೇ ಮೇಡಂ ಜೊತೆಗೆ ಬಸ್ಸು ಹತ್ತಿದ್ದರು.
ಒಳಗೂ ಉರಿಸುತ್ತಾ ಇದು?
'ಇಲ್ಲ ಕಣೇ. ಮೈಯೊಳಗೆ ಏನನ್ನೂ ಸುಡೋಲ್ಲ.
ಕಿಟಕಿಯಿಂದ ಸೀಟಿಗೆ ಟವೆಲ್ ಹಾಕ್ತಾರಲ್ಲ,
ಹಾಗೆ ಅಯೋಡಿನ್ ಬರೋ ಜಾಗ ಹಿಡಿದು ಕೂರುತ್ತೆ.'
ಅಷ್ಟರಲ್ಲಿ ಮುಂದಿನ ಸೀಟಿಗೆ ನಿಜವಾಗಿಯೇ
ಒಂದು ಕೆಂಪು ಟವೆಲ್ ಬಂದು ಬಿತ್ತು.
ಶ್ರೀರಂಗಪಟ್ಟಣ ದಾಟುವವರೆಗೂ ನಕ್ಕೆವು,
ನಕ್ಕರೆ ಕೊರಳು ನೋಯುತ್ತಿತ್ತು.

ಹಳೆಯದು, ಸಿಂಕಿಗೆ ಸುರಿದುಬಿಡಿ ಎನ್ನುತ್ತಾನೆ
ಹೊಸ ಲೆಕ್ಚರರ್, ಬಾಗಿಲಲ್ಲೇ ನಿಂತು.
ಸುರಿದರೆ ನೀರು ಹಿಡಿದು ಎಲ್ಲೆಲ್ಲಿಗೋ ಹೋಗುತ್ತೆ ಸಾರ್,
ಯಾವ ಮಗುವಿನ ಕೊರಳಲ್ಲಿ
ಟವೆಲ್ ಹಾಕುತ್ತದೋ.
ಅವನಿಗೆ ಅರ್ಥವಾಗಲಿಲ್ಲ.

ಮುಚ್ಚಳದ ಧೂಳು ಒರೆಸಿ, ತೂಗಿ,
ಗಂಧಕ ಎಲ್ಲಿದೆ ಎಂದು ಮತ್ತೊಮ್ಮೆ ನೋಡಿ
ಲೆಡ್ಜರಿನಲ್ಲಿ ಬರೆಯುತ್ತೇನೆ:
ಇನ್ನೂರ ಹದಿನೆಂಟು ಗ್ರಾಂ.
ಷರಾ ಎಂಬ ಕಾಲಮ್ಮಿನಲ್ಲಿ,
ಯಾರು ಕೇಳಿದರೆ ಕೇಳಲಿ,
ಬುತ್ತಿ.