ಹದಿನಾರಾಣೆ

ಆರು ಪಾಕೀಟು, ಆರರಲ್ಲೂ ಬಿಳೇ ಗುಳಿಗೆ.
ಯಾವುದರಲ್ಲಿ ಔಷಧ, ಯಾವುದರಲ್ಲಿ ಬರೇ ಹಿಟ್ಟು
ನನಗೂ ಗೊತ್ತಿಲ್ಲ, ಅಂದೆ.
ದಾನವ್ವ ನಕ್ಕಳು: 'ಹಂಗಾರ ಇಬ್ಬರೂ ಕುರುಡರಾದಿವಿ.'

ಬನಹಟ್ಟಿಯ ಓಣಿ. ಗೋಡೆಯಾಚೆ ನಾಲ್ಕು ಮಗ್ಗ
ಖಟಪಟ ಖಟಪಟ. ಕೂಗಿಯೇ ಕೇಳಿದೆ:
ಸೊನ್ನೆಯಿಂದ ಹತ್ತರ ತನಕ, ತಲೆನೋವು ಎಷ್ಟು?
'ಹತ್ತು ಎಲ್ಲಿ ಸಾಲತೈತಿ? ಎದ್ದಾಗ ಹದಿನಾರಾಣೆ.
ಗುಳಿಗಿ ನುಂಗಿ ಎರಡು ತಾಸಿಗೆ ಹನ್ನೆರಡು.'
ಆಣೆಯನ್ನು ಅಂಕಿಗೆ ಮುರಿಸಿ ಬರೆದುಕೊಂಡೆ,
ಚಿಲ್ಲರೆ ನನ್ನ ಕೈಯಲ್ಲೇ ಉಳಿಯಿತು.

ನಾಲ್ಕನೆಯ ಪಾಕೀಟಿನ ದಿನ ಮಾತ್ರ ಎರಡಾಣೆ.
ವಹಿಯಲ್ಲಿ ಬರೆದವಳು ಮಗಳು, ಹಸಿರು ಶಾಯಿ.

ಎಂಟು ತಿಂಗಳ ಮೇಲೆ
ಬೆಳಗಾವಿಯಲ್ಲಿ ಲಕೋಟೆ ಒಡೆದರು.
ನಾಲ್ಕನೆಯದು ಹಿಟ್ಟು.

ಹೇಳಲು ಹೋದೆ. ನಾಚಿಕೊಂಡಾಳು ಅಂದುಕೊಂಡಿದ್ದೆ.
ಕಡಿದ ನೂಲಿನ ತುದಿ ತುಟಿಯಲ್ಲಿ ತೋಯಿಸುತ್ತ ಅಂದಳು:
'ಅವತ್ತು ಸಂಜೀತನಕ ಕರೆಂಟ್ ಇರಲಿಲ್ಲೋ ತಮ್ಮಾ.
ಓಣಿ ತುಂಬ ಮಗ್ಗ ಸುಮ್ಮನಿದ್ದುವು.
ಗುಬ್ಬಿ ಸೈತ ಕೇಳಿಸಿತು.'

ನಮ್ಮ ಫಾರ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ.
ಪೆನ್ನು ಮುಚ್ಚಿ ಎದ್ದೆ.
ಮಗ್ಗದ ಸದ್ದಿನೊಳಗಿಂದ ಕೂಗಿದಳು:
'ಆ ಹಿಟ್ಟಿನ ಗುಳಿಗಿ
ಇನ್ನೂ ಅದಾವೇನು?'