ರಾತ್ರಿಪಾಳಿ, ಎಲ್ಸ್‌ಮಿಯರ್ ದ್ವೀಪ

ಸ್ಕ್ರೂಡ್ರೈವರಿನ ಹಿಡಿ ಕಿವಿಗೊತ್ತಿ
ತುದಿಯನ್ನು ಎಂಜಿನ್ನಿನ ಮೈಗಿಟ್ಟು
ಕೇಳು, ಅಂದಳು ಉಲಾಯುಕ್.
ಹೊರಗೆ ಮೈನಸ್ ನಲವತ್ತೊಂದು.
ಒಳಗೆ ಕಡ್ಡಿ ಗೀರುವವರಿಲ್ಲ, ಕಿಡಿಯಿಲ್ಲ,

ಬರೀ ಗಾಳಿ.
ಹದಿನಾರು ಪಾಲನ್ನು ಒಂದೇ ಪಾಲಿನ ಜಾಗಕ್ಕೆ
ಅದುಮುತ್ತದೆ ಪಿಸ್ಟನ್.
ಇಷ್ಟು ಇಕ್ಕಟ್ಟಾದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳು?
ಕಾದು ಕನಲಿದ ಆ ಗಾಳಿಗೆ
ಇಬ್ಬನಿಯಷ್ಟು ಸಣ್ಣಗೆ ಡೀಸೆಲ್ ಎರಚಿದರೆ ಸಾಕು,
ತಾನಾಗಿ ಹತ್ತಿಕೊಳ್ಳುತ್ತದೆ.

ಆ ಒದೆತಕ್ಕೆ ದಂಡ ತಿರುಗಿ,
ದಂಡದ ತುದಿಗೆ ಅಯಸ್ಕಾಂತ ತಿರುಗಿ,
ಸುತ್ತ ಸುಮ್ಮನೆ ಕೂತ ತಾಮ್ರ
ಮುಟ್ಟಿಸಿಕೊಳ್ಳದೆಯೇ ಮಿಡಿಯುತ್ತದೆ
ಸೆಕೆಂಡಿಗೆ ಅರವತ್ತು ಸಲ.

ಬೆಳಿಗ್ಗೆ ಏಳಕ್ಕೆ ಎಂಜಿನ್ ಒಮ್ಮೆ ಏದುಸಿರು ಬಿಡುತ್ತದೆ.
ಊರಿನ ಕೆಟಲುಗಳು, ಅನ್ನುತ್ತಾಳೆ.
ಗವರ್ನರ್ ಇನ್ನೊಂದು ಗುಟುಕು ಎಣ್ಣೆ ಕುಡಿಸುತ್ತದೆ.
ಆಗಸ್ಟಿನಲ್ಲಿ ಹಡಗು ತಂದದ್ದು,
ಮುಂದಿನ ಆಗಸ್ಟಿನ ತನಕ ಅದೇ.

ಹೋದ ಜನವರಿ, ರಾತ್ರಿ ಮೂರಕ್ಕೆ ನಿಂತೇಹೋಯಿತು.
ಅಷ್ಟು ವರ್ಷ ಸದ್ದಿಗೆ ಏಳದ ಊರು
ಸದ್ದಿಲ್ಲದ್ದಕ್ಕೆ ಎದ್ದು ಕೂತಿತು.
ನಾಯಿಗಳೂ ಬೊಗಳಲಿಲ್ಲ.
ಹಣೆಗೆ ಟಾರ್ಚು ಕಟ್ಟಿಕೊಂಡು ಇವಳು
ಟ್ಯಾಂಕಿನಲ್ಲಿ ಕೂಡಿಟ್ಟ ಗಾಳಿಯ ತಿರುಪು ಬಿಚ್ಚುವಾಗ
ಬಾಗಿಲಲ್ಲಿ ಮುದುಕ ಕೋಪಾಕ್.
ತುಪ್ಪಳದ ಕೋಟಿನಡಿ ಬರೀ ಚಡ್ಡಿ,
ಹೆಂಡತಿಯ ಆಕ್ಸಿಜನ್ ಯಂತ್ರದ ವಯರು ಕೈಯಲ್ಲೇ.
ಏನೂ ಕೇಳಲಿಲ್ಲ, ನಿಂತಿದ್ದ.

ಒಂದು ಒದೆತ. ಇನ್ನೊಂದು.
ಆಮೇಲೆ ಎಣಿಸಲಿಲ್ಲ, ಅಂದಳು.
ತಿರುಗಿ ನೋಡಿದರೆ ಬಾಗಿಲು ಖಾಲಿ,
ಹಿಮದಲ್ಲಿ ಓಡಿದ ಹೆಜ್ಜೆ.

ಸ್ಕ್ರೂಡ್ರೈವರ್ ಇನ್ನೂ ಒತ್ತಿ ಹಿಡಿ.
ಮೂರನೇ ಸಿಲಿಂಡರು ಸ್ವಲ್ಪ ಕೆಮ್ಮುತ್ತಿದೆ,
ಕೇಳಿಸಿತೇ?