ಶನಿವಾರ, ಹನ್ನೊಂದೂ ಮುಕ್ಕಾಲು

ಮಲಗಿಸು ಸಾಕು, ಆರಿಸಬೇಡ, ಅನ್ನುತ್ತಾನೆ ಟೊರ್ಮೊಡ್.
ಮೂವತ್ತೊಂದು ವರ್ಷ ಹಡಗಿನ ಇಂಜಿನ್ ಕಾದವನು.
ಸವೆಯುವುದು ಓಡುವಾಗ ಅಲ್ಲವಂತೆ,
ತಣ್ಣಗಾದದ್ದನ್ನು ಮತ್ತೆ ಎಬ್ಬಿಸುವಾಗಂತೆ.
ಅಡುಗೆಮನೆಯ ಮೂಲೆಯ ಲ್ಯಾಪ್‌ಟಾಪಿಗೂ
ಅದೇ ಶಾಸ್ತ್ರ.

ನಾನು ಮೀಟರು ನೋಡುವವಳು.
ಅಂಚೆಕಚೇರಿಯಲ್ಲಿ ಕೀಲಿ ತುಂಬಿಸಿಕೊಂಡು
ಹತ್ತು ಪೌಂಡಿನ ಕರೆಂಟನ್ನು
ಕೋಟಿನ ಜೇಬಿನಲ್ಲಿ ಮನೆಗೆ ತರುವವಳು.
ನಿದ್ದೆಯಲ್ಲಿ ಅದು ಕುಡಿಯುವುದೆಷ್ಟು?
ಒಮ್ಮೆ ಚೀಟಿಯ ಹಿಂದೆ ಲೆಕ್ಕ ಹಾಕಿದೆ:
ವರ್ಷಕ್ಕೆ ಒಂದು ಡಜನ್ ಮೊಟ್ಟೆ, ಹೆಚ್ಚೆಂದರೆ ಎರಡು.
ಸೋತೆ. ಚೀಟಿ ಒಲೆಗೆ ಹೋಯಿತು,
ಅವನಿಗೆ ತೋರಿಸಲಿಲ್ಲ.

ಆದರೆ ಶನಿವಾರ ಬೇರೆ.
ಭಾನುವಾರ ಇಲ್ಲಿ ಹಗ್ಗದ ಮೇಲೆ ಒಂದು ಕಾಲುಚೀಲವೂ ಹಾರುವುದಿಲ್ಲ.
ಮಕ್ಕಳ ಉಯ್ಯಾಲೆಗೆ ಸರಪಳಿ ಬಿಗಿಯುತ್ತಿದ್ದ ಕಾಲ ನೆನಪಿದೆ.
ಹುಂಜವನ್ನು ಬುಟ್ಟಿಯಡಿ ಕವುಚುತ್ತಿದ್ದಳಂತೆ ನನ್ನಜ್ಜಿ.
ನಾಳೆಯ ಆಲೂಗಡ್ಡೆ ಇವತ್ತೇ ಸುಲಿದು
ಹನ್ನೆರಡು ಹೊಡೆಯುವುದರೊಳಗೆ ಎಲ್ಲ ಕೈಯೂ ಮಡಿಲಿಗೆ.
ಯಂತ್ರಕ್ಕೆ ಮಾತ್ರ ಬಿಡುವು ಬೇಡವೇ?

ನಿದ್ದೆ ಕೆಲಸವಲ್ಲ, ಮೋರಾಗ್.
ಪಾದ್ರಿಯೂ ಭಾನುವಾರ ಮಧ್ಯಾಹ್ನ ಮಲಗುತ್ತಾನೆ.
ನಿನ್ನಮ್ಮ ಒಲೆ ಆರಿಸುತ್ತಿದ್ದಳೇನು?

ಇಲ್ಲ, ನಿಜ.
ಜೌಗಿನಿಂದ ಕಡಿದ ಕಪ್ಪು ಹೆಂಟೆಗಳ ಕೆಂಡಕ್ಕೆ
ಬರಿಗೈಲೇ ಬೂದಿ ಸವರಿ,
ತುಟಿಯಲ್ಲೇ ಏನೋ ಹೇಳಿ ಮುಚ್ಚುತ್ತಿದ್ದಳು.
ಬೆಳಗ್ಗೆ ಊದಿದರೆ ಕೆಂಪು.
ಒಲೆ ಆರಿಸಿದರು ಅಂದರೆ
ಊರು ಬಿಟ್ಟರು ಅಂತಲೇ ಅರ್ಥವಿತ್ತು ಆಗ.
ಆದರೆ ಆ ಬೂದಿಯಲ್ಲಿ
ರಾತ್ರಿಯೆಲ್ಲ ಉಸಿರಾಡಿದ ಹಾಗೆ ಮಿಣುಕುವ
ಹಸಿರು ಚುಕ್ಕೆ ಇರಲಿಲ್ಲ.

ಇವತ್ತು ಅವನ ಗೊರಕೆ ಕೇಳಿದ ಮೇಲೆ
ಕಾಲುಚೀಲದಲ್ಲೇ ಬಂದೆ, ಕಳ್ಳಿಯ ಹಾಗೆ.
ಮುಚ್ಚಳ ಎತ್ತಿದೆ. ಆರು, ಅಂದೆ.
ಅದು ಕೇಳಿತು:
ಉಳಿಸದ ಬರಹವೊಂದಿದೆ, ಏನು ಮಾಡಲಿ?

ಓದಬಾರದು ಅಂದುಕೊಳ್ಳುವಷ್ಟರಲ್ಲಿ ಓದಿ ಆಗಿತ್ತು.
ಸೆಪ್ಟೆಂಬರ್ ಹತ್ತು.
ಇವಾಂಡರ್, ಆ ಬೇಲಿಯ ವಿಷಯ
ಅಷ್ಟೇ. ಕೆಳಗೆಲ್ಲ ಬಿಳಿ.

ಹದಿನಾಲ್ಕು ವರ್ಷದ ಬೇಲಿ.
ಕುರಿ ಮೇಯುವ ಗುಡ್ಡದಲ್ಲಿ
ಒಂದು ಗೂಟ ಆಚೆಯೋ ಈಚೆಯೋ.
ಅಣ್ಣನ ಮನೆ ಎರಡೇ ಮೈಲಿ.
ಚರ್ಚಿನಲ್ಲಿ ನಮ್ಮ ಬೆನ್ನಿಗೆ ಮೂರನೇ ಬೆಂಚು,
ಅವನ ಕೆಮ್ಮು ನನಗೆ
ನಮ್ಮ ಗಡಿಯಾರದಷ್ಟೇ ಗೊತ್ತು.

ಈಗ ನವೆಂಬರ್.
ಅಕ್ಟೋಬರಿನ ಗಾಳಿಗೆ ಎರಡು ಸಲ ಕರೆಂಟು ಹೋದಾಗ
ಟಾರ್ಚು ಹಿಡಿದು ಇವನು ಅಡುಗೆಮನೆಗೆ ಓಡಿದ್ದು
ಫ್ರಿಜ್ಜಿನ ಮೀನಿಗೆ ಅಂದುಕೊಂಡಿದ್ದೆ.
ಬ್ಯಾಟರಿಯ ಗುಟುಕಿನಲ್ಲಿ ಜೀವ ಹಿಡಿದಿತ್ತು
ಈ ಅರ್ಧ ಸಾಲು.

ಉಳಿಸು ಅಂದರೆ ಹೆಸರು ಕೊಡು ಅನ್ನುತ್ತದೆ ಯಂತ್ರ.
ಅಲ್ಲೇ ನಿಂತಿರಬೇಕು ಪಾಪ.
ಬೇಲಿ ಅಂತ ಇಡುವುದೇ? ಅಣ್ಣ ಅಂತಲೇ?
ಹೆಸರಿಟ್ಟರೆ ಬರೆದದ್ದು ಹೌದಾಗುತ್ತದೆ.
ಅದಕ್ಕೇ ಇಂಜಿನ್ನಿನ ಕಥೆ.
ಪೂರ್ತಿ ಸುಳ್ಳೂ ಅಲ್ಲ ಅದು,
ಎಬ್ಬಿಸುವಾಗಲೇ ಸವೆಯುವುದು.

ಹನ್ನೊಂದೂ ಐವತ್ತೆಂಟು.
ಪರದೆಯ ಮೇಲೆ ಮೂರು ಉತ್ತರವಿದ್ದವು.
ಉಳಿಸು. ಉಳಿಸಬೇಡ.
ಮೂರನೆಯದು, ಏನೂ ಮಾಡಬೇಡ ಅನ್ನುವುದು,
ಅದನ್ನೊತ್ತಿದೆ.
ಮುಚ್ಚಳವನ್ನು ಸದ್ದಾಗದ ಹಾಗೆ ಇಳಿಸಿ
ಹಸಿರು ಚುಕ್ಕೆಯ ಮೇಲೆ
ಟೀ ಕುಡಿಕೆಯ ಉಣ್ಣೆಯ ಟೋಪಿ ಕವುಚಿ ಬಂದೆ.

ಆರಿಸಿದೆಯಾ?
ಎಚ್ಚರವೇ ಇದ್ದ.
ಇಲ್ಲ, ಅಂದೆ.
ಹೊರಗೆ ಗಾಳಿ ಏಳುತ್ತಿತ್ತು.
ಸ್ವಲ್ಪ ಹೊತ್ತು ಬಿಟ್ಟು ಕೇಳಿದ,
ಮೀಟರಿನಲ್ಲಿ ಎಷ್ಟಿದೆ?
ನಾಲ್ಕು ಪೌಂಡು.
ಸೋಮವಾರದವರೆಗೆ ಸಾಕು.